ನಿಸ್ತಂತು ಸ್ಥಳೀಯ ಜಾಲ ಮತ್ತು ಆಕ್ಸೆಸ್ ಪಾಯಿಂಟ್: ಇತಿಹಾಸ

ಮನೆ, ಕಚೇರಿ, ಕಾಲೇಜು, ರೈಲು ನಿಲ್ದಾಣದಂಥ ಸೀಮಿತ ಆವರಣದೊಳಗೆ ಕಂಪ್ಯೂಟರ್, ಮೊಬೈಲ್ ಮೊದಲಾದ ಸಾಧನಗಳನ್ನು ರೇಡಿಯೊ ತರಂಗಗಳ ಮೂಲಕ ಬೆಸೆಯುವ ವ್ಯವಸ್ಥೆಯೇ ನಿಸ್ತಂತು ಸ್ಥಳೀಯ ಜಾಲ, ಜನಬಳಕೆಯಲ್ಲಿ ವೈಫೈ. ಈ ಸಾಧನಗಳಿಗೂ ತಂತಿಯ ಜಾಲಕ್ಕೂ ನಡುವೆ ನಿಂತು ಮಾಹಿತಿಯನ್ನು ಆಚೀಚೆ ದಾಟಿಸುವ ಪೆಟ್ಟಿಗೆ ಆಕ್ಸೆಸ್ ಪಾಯಿಂಟ್. ಮನೆಗಳಲ್ಲಿ ಇದು ರೌಟರ್‌ನೊಳಗೇ ಅಡಕವಾಗಿರುವುದರಿಂದ ಎರಡೂ ಒಂದೇ ಎಂದು ತಿಳಿಯುವವರು ಬಹಳ. ಒಂದು ಜಾಲದಿಂದ ಇನ್ನೊಂದು ಜಾಲಕ್ಕೆ ದಾರಿ ಹುಡುಕುವುದು ರೌಟರ್‌ನ ಕೆಲಸ. ಆಕ್ಸೆಸ್ ಪಾಯಿಂಟ್ ಒಂದೇ ಜಾಲದ ನಿಸ್ತಂತು ಭಾಗವನ್ನು ತಂತಿಯ ಭಾಗಕ್ಕೆ ಸೇರಿಸುತ್ತದೆ.

ಇದರ ಪೂರ್ವಜ ಹವಾಯಿ ವಿಶ್ವವಿದ್ಯಾಲಯದ ಅಲೋಹಾನೆಟ್. ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು 1971ರಲ್ಲಿ ಚಾಲನೆಗೆ ತಂದ ಈ ಜಾಲದ ವೇಗ ಸೆಕೆಂಡಿಗೆ 9,600 ಬಿಟ್. ಅದರಲ್ಲಿ ಸರದಿ ಎಂಬುದೇ ಇರಲಿಲ್ಲ. ಕಳುಹಿಸಬೇಕೆನಿಸಿದಾಗ ಕಳುಹಿಸುವುದು, ತಲುಪಿತೆಂಬ ಉತ್ತರ ಬಾರದಿದ್ದರೆ ಮನಬಂದಷ್ಟು ಹೊತ್ತು ಕಾದು ಮತ್ತೆ ಕಳುಹಿಸುವುದು, ಇಷ್ಟೇ ನಿಯಮ. ಹೀಗಾಗಿ ವಾಹಿನಿಯ ಸಾಮರ್ಥ್ಯದಲ್ಲಿ ಹೆಚ್ಚೆಂದರೆ ಶೇ. 18ರಷ್ಟು ಮಾತ್ರ ಕೆಲಸಕ್ಕೆ ಬರುತ್ತಿತ್ತು. ಒಂದೇ ವಾಹಿನಿಯನ್ನು ಹಂಚಿಕೊಂಡವರಲ್ಲಿ ಯಾರು ಯಾವಾಗ ಮಾತಾಡಬೇಕು, ಅದನ್ನು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆ ಅಲ್ಲಿ ಹುಟ್ಟಿತು. ವೈಫೈ ಚರಿತ್ರೆಯನ್ನು ವೇಗದ ಅಂಕಿಗಳಿಗಿಂತ ಈ ಪ್ರಶ್ನೆಯ ಬೆನ್ನು ಹಿಡಿದು ನೋಡಿದರೆ ಚೆನ್ನಾಗಿ ತಿಳಿಯುತ್ತದೆ.

ಮೊದಲ ದೊಡ್ಡ ತಿರುವು ಪ್ರಯೋಗಾಲಯದಲ್ಲಿ ಅಲ್ಲ, ಸರ್ಕಾರಿ ಕಚೇರಿಯಲ್ಲಿ ಸಂಭವಿಸಿತು. 1985ರ ಮೇ ತಿಂಗಳಲ್ಲಿ ಅಮೆರಿಕದ ಸಂವಹನ ನಿಯಂತ್ರಣ ಆಯೋಗ 902–928, 2400–2483.5 ಮತ್ತು 5725–5850 ಮೆಗಾಹರ್ಟ್ಸ್ ಪಟ್ಟಿಗಳಲ್ಲಿ 1 ವ್ಯಾಟ್‌ವರೆಗಿನ ಹರಡು-ವರ್ಣಪಟಲ (ಸಂಕೇತವನ್ನು ಅಗಲವಾದ ಆವರ್ತನ ಪಟ್ಟಿಯಲ್ಲಿ ಹರಡುವ) ಪ್ರಸಾರಕ್ಕೆ ಪರವಾನಗಿ ಬೇಕಿಲ್ಲವೆಂದು ಆದೇಶಿಸಿತು. ಆಯೋಗದ ಎಂಜಿನಿಯರ್ ಮೈಕೆಲ್ ಮಾರ್ಕಸ್ ಇದಕ್ಕಾಗಿ ವರ್ಷಗಟ್ಟಲೆ ಶ್ರಮಿಸಿದ್ದರು. ಮೈಕ್ರೋವೇವ್ ಒಲೆಯಂಥ ಸಾಧನಗಳ ಗದ್ದಲವಿದ್ದ ಈ ಪಟ್ಟಿಗಳು ಸಂವಹನಕ್ಕೆ ಕೆಲಸಕ್ಕೆ ಬಾರದವೆಂದೇ ಎಣಿಕೆಯಾಗಿದ್ದವು. ಈ ಆದೇಶವಿಲ್ಲದಿದ್ದರೆ ಮುಂದಿನ ಯಾವ ಆವಿಷ್ಕಾರಕ್ಕೂ ಮನೆಮನೆಗೆ ಹೋಗುವ ದಾರಿ ಇರುತ್ತಿರಲಿಲ್ಲ.

ಅದನ್ನು ಮೊದಲು ಬಳಸಿಕೊಂಡವರಲ್ಲಿ ಅಂಗಡಿಗಳ ಕ್ಯಾಷ್ ರಿಜಿಸ್ಟರ್ ತಯಾರಿಸುತ್ತಿದ್ದ ಎನ್‌ಸಿಆರ್ ಕಂಪನಿ ಮುಖ್ಯವಾದುದು. ಅಂಗಡಿಯ ಜೋಡಣೆ ಬದಲಾದಾಗಲೆಲ್ಲ ತಂತಿ ಎಳೆಯುವ ಖರ್ಚು ತಪ್ಪಬೇಕಿತ್ತು. ನೆದರ್ಲೆಂಡ್ಸ್‌ನ ಅದರ ಎಂಜಿನಿಯರುಗಳು ರೂಪಿಸಿದ ನಿಸ್ತಂತು ಜಾಲ ಸಾಧನ ವೇವ್‌ಲ್ಯಾನ್ 1990ರಲ್ಲಿ ಮಾರುಕಟ್ಟೆಗೆ ಬಂತು. ಅದೇ ವರ್ಷ, ನಿಸ್ತಂತು ಸ್ಥಳೀಯ ಜಾಲಕ್ಕೆ ಮಾನಕ ರೂಪಿಸಲು ಐಇಇಇ ಸಂಸ್ಥೆಯ 802.11 ಸಮಿತಿ ರಚನೆಯಾಯಿತು; ಎನ್‌ಸಿಆರ್‌ನ ವಿಕ್ ಹೇಯ್ಸ್ ಹತ್ತು ವರ್ಷ ಅದರ ಅಧ್ಯಕ್ಷರಾಗಿದ್ದರು.

ಸಮಿತಿಯೊಳಗಿನ ಚರ್ಚೆಯನ್ನು ಜನಪ್ರಿಯ ಬರಹಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ಆದರೆ ಆಕ್ಸೆಸ್ ಪಾಯಿಂಟ್‌ನ ಸ್ವರೂಪ ನಿಶ್ಚಿತವಾದದ್ದು ಅಲ್ಲಿಯೇ. ಕೇಂದ್ರದ ಪೆಟ್ಟಿಗೆಯೇ ಪ್ರತಿ ಸಾಧನಕ್ಕೂ ಸಮಯ ಹಂಚಿಕೊಡಬೇಕೆಂಬುದು ಐಬಿಎಂ ಪ್ರಸ್ತಾವ. ಸಾಧನಗಳೇ ವಾಹಿನಿಯನ್ನು ಆಲಿಸಿ, ಬಿಡುವಾದಾಗ ತಾವೇ ನಿರ್ಧರಿಸಲಿ ಎಂಬುದು ಎನ್‌ಸಿಆರ್, ಸಿಂಬಲ್, ಜಿರ್ಕಾಮ್ ಕಂಪನಿಗಳ ಜಂಟಿ ಪ್ರಸ್ತಾವ. ಸಮಿತಿ 1993ರಲ್ಲಿ ಎರಡನೆಯದನ್ನು ತಳಹದಿಯಾಗಿ ಆರಿಸಿತು. ತಾನು ಪ್ರಸಾರ ಮಾಡುವಾಗ ರೇಡಿಯೊ ಬೇರೆಯವರ ದನಿಯನ್ನು ಕೇಳಿಸಿಕೊಳ್ಳಲಾರದು. ಆದ್ದರಿಂದ ತಂತಿಯ ಜಾಲವಾದ ಈಥರ್ನೆಟ್‌ನಲ್ಲಿ ಮಾಡುವಂತೆ ಡಿಕ್ಕಿಯನ್ನು ಕಂಡುಹಿಡಿಯುವುದರ ಬದಲು ಆಗದಂತೆ ತಪ್ಪಿಸಬೇಕು. ಅದಕ್ಕೇ ಒಂದು ಸಾಧನಕ್ಕೆಂದು ಕಳುಹಿಸಿದ ಪ್ರತಿ ಚೌಕಟ್ಟಿಗೂ (ಮಾಹಿತಿಯ ತುಣುಕಿಗೂ) ಸ್ವೀಕೃತಿ ಉತ್ತರ, ಕಳುಹಿಸುವ ಮುನ್ನ ಯಾದೃಚ್ಛಿಕ ಕಾಯುವಿಕೆ. ಪರಸ್ಪರ ಕೇಳಿಸದಷ್ಟು ದೂರದ ಎರಡು ಸಾಧನಗಳು ನಡುವಿನ ಆಕ್ಸೆಸ್ ಪಾಯಿಂಟ್‌ನೊಂದಿಗೆ ಒಟ್ಟಿಗೆ ಮಾತಿಗಿಳಿಯದಂತೆ, ಮೊದಲು ಅನುಮತಿ ಕೇಳಿ ಪಡೆಯುವ ಏರ್ಪಾಡನ್ನೂ ಸೇರಿಸಲಾಯಿತು. ಕೇಂದ್ರದಿಂದ ಸರದಿ ಹಂಚುವ ವಿಧಾನ ಐಚ್ಛಿಕವಾಗಿ ಉಳಿಯಿತು. ತಯಾರಕರು ಅದನ್ನು ಅಳವಡಿಸಿದ್ದು ತೀರ ಅಪರೂಪ.

ಇದರ ಫಲವನ್ನು ಸ್ಪಷ್ಟವಾಗಿ ಹೇಳಬೇಕು. ಆಕ್ಸೆಸ್ ಪಾಯಿಂಟನ್ನು ನಾಲ್ಕು ರಸ್ತೆ ಕೂಡುವಲ್ಲಿನ ಪೊಲೀಸನಿಗೆ ಹೋಲಿಸುವುದು ವಾಡಿಕೆ, ಆದರೆ 1997ರಲ್ಲಿ ಪ್ರಕಟವಾದ ಮಾನಕದ ಕಡ್ಡಾಯ ವಿಧಾನದಲ್ಲಿ ಅದಕ್ಕೆ ಅಂಥ ಅಧಿಕಾರವಿರಲಿಲ್ಲ. ವಾಹಿನಿ ಬೇಕಾದಾಗ ಅದೂ ಉಳಿದ ಸಾಧನಗಳಂತೆಯೇ ಪೈಪೋಟಿಗಿಳಿಯಬೇಕಿತ್ತು. ಸೆಕೆಂಡಿಗೆ ಸುಮಾರು ಹತ್ತು ಸಲ ಜಾಲದ ಹೆಸರನ್ನು ಸಾರುವುದು, ಬಂದ ಸಾಧನವನ್ನು ಗುರುತಿಸಿ ಸೇರಿಸಿಕೊಳ್ಳುವುದು, ಶಕ್ತಿ ಉಳಿಸಲು ಮಲಗಿದ ಸಾಧನದ ಮಾಹಿತಿಯನ್ನು ಕಾದಿಡುವುದು, ಒಂದೇ ಕೋಣೆಯ ಎರಡು ಲ್ಯಾಪ್‌ಟಾಪ್‌ಗಳ ನಡುವಿನ ಮಾತನ್ನೂ ತನ್ನ ಮೂಲಕವೇ ಸಾಗಿಸುವುದು ಅದರ ಕೆಲಸಗಳಾಗಿದ್ದವು. ಆ ಮಾನಕದ ವೇಗ ಸೆಕೆಂಡಿಗೆ 1 ಅಥವಾ 2 ಮೆಗಾಬಿಟ್.

ವೈಫೈ ಕಂಡುಹಿಡಿದವರು ಯಾರು ಎಂಬ ಬಗ್ಗೆ ಗೊಂದಲ ಹೆಚ್ಚು. ಹಾಲಿವುಡ್ ನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ 1942ರಲ್ಲಿ, ಶತ್ರುವಿನ ಅಡ್ಡಿಯಿಂದ ಟಾರ್ಪೆಡೊ ತಪ್ಪಿಸಲು 88 ಆವರ್ತನಗಳ ನಡುವೆ ಜಿಗಿಯುವ ವಿಧಾನಕ್ಕೆ ಪೇಟೆಂಟ್ ಪಡೆದದ್ದು ನಿಜ. ಆವರ್ತನ ಜಿಗಿತ 1997ರ ಮಾನಕದ ಮೂರು ವಿಧಾನಗಳಲ್ಲಿ ಒಂದು ಎಂಬುದೂ ನಿಜ. ಎರಡನೆಯ ಹಕ್ಕುದಾರ ಆಸ್ಟ್ರೇಲಿಯದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒ. ಗೋಡೆ, ಬೀರುಗಳಿಗೆ ಬಡಿದು ತಡವಾಗಿ ಬರುವ ಪ್ರತಿಫಲಿತ ತರಂಗ ಮುಂದಿನ ಸಂಕೇತದ ಮೇಲೆ ಬಿದ್ದು ಕಲಸಿಹೋಗುವುದು ಒಳಾಂಗಣ ರೇಡಿಯೊದ ಮೂಲ ತೊಡಕು. ರೇಡಿಯೊ ಖಗೋಳವಿಜ್ಞಾನದ ಹಿನ್ನೆಲೆಯ ಜಾನ್ ಓ'ಸಲಿವನ್ ತಂಡ ವೇಗದ ಒಂದು ಹರಿವನ್ನು ನಿಧಾನದ ಹಲವು ಹರಿವುಗಳಾಗಿ ಸೀಳುವ ಪರಿಹಾರಕ್ಕೆ 1996ರಲ್ಲಿ ಅಮೆರಿಕದ ಪೇಟೆಂಟ್ ಪಡೆಯಿತು. ಆ ಪೇಟೆಂಟ್ ಮೊಕದ್ದಮೆಗಳಲ್ಲಿ 2009 ಮತ್ತು 2012ರಲ್ಲಾದ ರಾಜಿಗಳಿಂದ ಸಂಸ್ಥೆಗೆ ಒಟ್ಟು 43 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗೂ ಹೆಚ್ಚು ಬಂತು. ಆದರೆ ಇಂಥ ಬಹುವಾಹಕ ವಿಧಾನದ ಗಣಿತವನ್ನು ಬೆಲ್ ಲ್ಯಾಬ್ಸ್‌ನ ರಾಬರ್ಟ್ ಚಾಂಗ್ 1966ರಲ್ಲೇ ಪ್ರಕಟಿಸಿದ್ದರು. ಅದಕ್ಕಿಂತ ಮುಖ್ಯವಾಗಿ, ಜನರ ಕೈಗೆ ಮೊದಲು ವ್ಯಾಪಕವಾಗಿ ಬಂದ 1999ರ 802.11ಬಿ ಮಾನಕ ಲಮಾರ್ ಜಿಗಿತವನ್ನಾಗಲಿ ಈ ಸೀಳುವಿಕೆಯನ್ನಾಗಲಿ ಬಳಸಲಿಲ್ಲ. ಸೀಳುವಿಕೆ ಬಂದದ್ದು ಅದೇ ವರ್ಷದ 802.11ಎ ಮತ್ತು 2003ರ 802.11ಜಿ ಮೂಲಕ.

ಹಲವು ಆಂಟೆನಾಗಳಿಂದ ಏಕಕಾಲಕ್ಕೆ ಹಲವು ಹರಿವು ಕಳುಹಿಸುವ ಮೈಮೊ ತಂತ್ರ 2009ರ 802.11ಎನ್ ಮಾನಕದ ಜೀವಾಳ. ಇದಕ್ಕೂ ಹಕ್ಕುದಾರರು ಹಲವರು. ಆರಂಭದ ಪೇಟೆಂಟ್ ಸ್ಟ್ಯಾನ್‌ಫರ್ಡ್‌ನ ಆರೋಗ್ಯಸ್ವಾಮಿ ಪಾಲ್‌ರಾಜ್ ಮತ್ತು ಥಾಮಸ್ ಕೈಲಾತ್ ಅವರದು, 1994ರದು. ಪಾಲ್‌ರಾಜ್ ಅಮೆರಿಕಕ್ಕೆ ತೆರಳುವ ಮುನ್ನ ಬೆಂಗಳೂರಿನಲ್ಲಿ ರಕ್ಷಣಾ ಇಲಾಖೆಯ ಕೃತಕ ಬುದ್ಧಿಮತ್ತೆ ಹಾಗೂ ರೋಬಾಟಿಕ್ಸ್ ಕೇಂದ್ರವನ್ನು ಕಟ್ಟಿದವರು.

ಉಳಿದ ಬೆಳವಣಿಗೆಗಳು ಸುಪರಿಚಿತ. 1999ರಲ್ಲಿ ಆಪಲ್ ತನ್ನ ಐಬುಕ್ ಲ್ಯಾಪ್‌ಟಾಪ್‌ನೊಂದಿಗೆ ಏರ್‌ಪೋರ್ಟ್ ಎಂಬ ವೈಫೈ ವ್ಯವಸ್ಥೆ ತಂದಿತು. ಮೊದಲ ಗೂಢಲಿಪಿ ವ್ಯವಸ್ಥೆಯಾದ ವೆಪ್‌ನ ದೌರ್ಬಲ್ಯ 2001ರಲ್ಲಿ ಬಯಲಾಗಿ, 2004ರಲ್ಲಿ ಡಬ್ಲ್ಯುಪಿಎ2 ಬಂತು. ದೊಡ್ಡ ಕಟ್ಟಡಗಳಲ್ಲಿ ನೂರಾರು ಪೆಟ್ಟಿಗೆಗಳನ್ನು ಬಿಡಿಬಿಡಿಯಾಗಿ ನೋಡಿಕೊಳ್ಳುವುದು ಕಷ್ಟವಾದಾಗ, ಅವುಗಳ ಬುದ್ಧಿಯನ್ನು ಒಂದು ಕಂಟ್ರೋಲರ್‌ಗೆ ವರ್ಗಾಯಿಸುವ ಪದ್ಧತಿ 2000ದ ದಶಕದಲ್ಲಿ ಬೆಳೆಯಿತು. 2021ರ 802.11ಎಎಕ್ಸ್ ಮಾನಕದಲ್ಲಿ ಯಾವ ಸಾಧನ ಯಾವ ಆವರ್ತನ ಭಾಗದಲ್ಲಿ ಯಾವಾಗ ಕಳುಹಿಸಬೇಕೆಂದು ಆಕ್ಸೆಸ್ ಪಾಯಿಂಟೇ ಸೂಚಿಸಬಹುದು. ಜನದಟ್ಟಣೆಯ ಒತ್ತಡದಲ್ಲಿ, 1993ರಲ್ಲಿ ಹಿಂದೆ ಸರಿದಿದ್ದ ಕೇಂದ್ರದ ಆಳ್ವಿಕೆ ಭಾಗಶಃ ಮರಳಿತು.

ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿ ಪರವಾನಗಿಯಿಂದ ಮುಕ್ತವಾದದ್ದು 2005ರ ಜನವರಿಯಲ್ಲಿ, ಅಮೆರಿಕದ ಆದೇಶದ ಸುಮಾರು ಇಪ್ಪತ್ತು ವರ್ಷ ತರುವಾಯ. 5 ಗಿಗಾಹರ್ಟ್ಸ್‌ಗೆ ಅದೇ ವರ್ಷ ಸಿಕ್ಕಿದ್ದು ಒಳಾಂಗಣದ ವಿನಾಯಿತಿ ಮಾತ್ರ. ಹೊರಾಂಗಣಕ್ಕೂ ಸಲ್ಲುವಂತೆ 605 ಮೆಗಾಹರ್ಟ್ಸ್ ಮುಕ್ತವಾಗಲು 2018 ಬರಬೇಕಾಯಿತು. ಬೆಂಗಳೂರಿನ ಎಂ.ಜಿ. ರಸ್ತೆ ಮೊದಲಾದೆಡೆ ‘ನಮ್ಮ ವೈಫೈ’ 2014ರ ಜನವರಿಯಲ್ಲಿ ಆರಂಭವಾಯಿತು. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯಡಿ ಕಿರಾಣಿ ಅಂಗಡಿ, ಟೀ ಅಂಗಡಿಯವರೂ ಆಕ್ಸೆಸ್ ಪಾಯಿಂಟ್ ಇಟ್ಟು ಸಾರ್ವಜನಿಕರಿಗೆ ಇಂಟರ್‌ನೆಟ್ ಮಾರಬಹುದು. ಹೀಗೆ ಮಾರುವವರಿಗೆ ಪರವಾನಗಿ, ನೋಂದಣಿ, ಶುಲ್ಕ ಯಾವುದೂ ಇಲ್ಲ; ಅವರನ್ನು ಒಗ್ಗೂಡಿಸುವ ಸಂಸ್ಥೆಗಳು ಮತ್ತು ಆ್ಯಪ್ ಒದಗಿಸುವವರು ಮಾತ್ರ ದೂರಸಂಪರ್ಕ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕು.