ನಳಿಗೆಯ ತೂಕವೂ ಗುರಿಯ ನಿಖರತೆಯೂ: ಮೈಸೂರು ಸೀಮೆಯ ಬೇಟೆಯಿಂದ ಎರಡು ನಿದರ್ಶನಗಳು

ಬೇಟೆಯ ಕೋವಿಯ ನಳಿಗೆ ಭಾರವಾದಷ್ಟೂ ಗುರಿ ನಿಖರವಾಗುವುದೆಂಬ ಅಭಿಪ್ರಾಯ ಬಹುಕಾಲದಿಂದ ರೂಢಿಯಲ್ಲಿದೆ. ಮೈಸೂರು ಸೀಮೆಯ ಬೇಟೆಯ ಇತಿಹಾಸವು ಇದನ್ನು ಎಷ್ಟರಮಟ್ಟಿಗೆ ಸಮರ್ಥಿಸುತ್ತದೆಂಬುದನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

ಮೊದಲು ತತ್ತ್ವವನ್ನು ನೋಡೋಣ. ಗುಂಡು ಹೊರಡುವಾಗ ನಳಿಗೆ ಕಂಪಿಸುತ್ತದೆ. ದಪ್ಪ ನಳಿಗೆ ಕಡಿಮೆ ಬಾಗುತ್ತದೆ, ನಿಧಾನವಾಗಿ ಕಾಯುತ್ತದೆ. ಆದುದರಿಂದ ಸಾಲಾಗಿ ಹಾರಿಸಿದ ಗುಂಡುಗಳು ಒತ್ತೊತ್ತಾಗಿ ಬೀಳುತ್ತವೆ. ಹೊರವ್ಯಾಸ ಒಂದೇ ಆಗಿದ್ದು ರಂಧ್ರ ಹಿರಿದಾದರೆ ಲೋಹ ಕಡಿಮೆಯಾಗಿ ನಳಿಗೆಯ ಬಿಗಿತ ತಗ್ಗುತ್ತದೆ. ಎಂದರೆ, ಸುಮಾರು 0.33ರಿಂದ 0.40 ಅಂಗುಲ ರಂಧ್ರದ ಮಧ್ಯಮ ಗಾತ್ರದ ರೈಫಲು ಕಿರುರಂಧ್ರದ ರೈಫಲಿನಷ್ಟೇ ಬಿಗಿಯಾಗಿರಬೇಕಾದರೆ ಅದರ ನಳಿಗೆ ಇನ್ನೂ ದಪ್ಪವಾಗಿರಬೇಕು.

ಇನ್ನು ಇತಿಹಾಸದ ಸಾಕ್ಷ್ಯ. ಮೈಸೂರಿನಲ್ಲಿ ಆನೆ ಹಿಡಿಸುವ ಕಾರ್ಯವನ್ನು ನಡೆಸಿದ ಜಿ. ಪಿ. ಸ್ಯಾಂಡರ್ಸನ್ 1878ರಲ್ಲಿ ತಮ್ಮ ಅನುಭವಗಳ ಗ್ರಂಥವನ್ನು ಪ್ರಕಟಿಸಿದರು. ಅವರು ಆನೆಗೆ 4 ಬೋರಿನ ಕೋವಿಯನ್ನು ಬಳಸಿದರು. ಅಂದರೆ ಒಂದು ಪೌಂಡು ಸೀಸದಿಂದ ನಾಲ್ಕೇ ಗುಂಡುಗಳಾಗುವ ಗಾತ್ರ. ಕರಿಮದ್ದಿನಿಂದ ಹೆಚ್ಚಿನ ವೇಗ ದೊರೆಯದ ಕಾರಣ ಗುಂಡನ್ನೇ ದೊಡ್ಡದು ಮಾಡಬೇಕಾಗಿತ್ತು. ಅದರ ಒದೆತವನ್ನು ತಾಳಲು ಕೋವಿ ಭಾರವಾಗಿರಬೇಕಾಗಿತ್ತು. ಇಲ್ಲಿ ತೂಕಕ್ಕೆ ಕಾರಣ ನಿಖರತೆಯಲ್ಲ, ಮದ್ದು. ಅಂತಹ ಕೋವಿಗಳನ್ನು ಬೇಟೆಗಾರನ ಹಿಂದೆ ಹೊತ್ತು ನಡೆಯಲು ಆಳುಗಳಿರುತ್ತಿದ್ದರು.

1884ರಲ್ಲಿ ಫ್ರಾನ್ಸಿನಲ್ಲಿ ಹೊಗೆಯಿಲ್ಲದ ಮದ್ದು ಸಿದ್ಧವಾದ ಮೇಲೆ ಸ್ಥಿತಿ ಬದಲಾಯಿತು. ವೇಗ ಹೆಚ್ಚಿದುದರಿಂದ ಚಿಕ್ಕ ಗುಂಡೇ ಸಾಕಾಯಿತು. ಬೆಂಗಳೂರಿನ ಕೆನೆತ್ ಆಂಡರ್ಸನ್ ನೆಚ್ಚಿದ್ದ 1895ರ ಮಾದರಿಯ ವಿಂಚೆಸ್ಟರ್ ರೈಫಲು 0.405 ಅಂಗುಲದ್ದು, ಮಧ್ಯಮ ಗಾತ್ರದ ಮೇಲಂಚಿಗೆ ಸೇರಿದ್ದು. ತೂಕ ಸುಮಾರು 8 ಪೌಂಡು, ಒಬ್ಬನೇ ಹೊತ್ತು ತಿರುಗುವಷ್ಟು. ದಾವಣಗೆರೆ, ಹರಿಹರಗಳು 1997ರವರೆಗೆ ಸೇರಿದ್ದ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ–ಹೊಳಲ್ಕೆರೆಯ ನರಭಕ್ಷಕ ಹುಲಿಯ ಕಥನವು ಅವರ 1954ರ ಗ್ರಂಥದಲ್ಲಿದೆ.

ಇಂತಹ ಬೇಟೆಯಲ್ಲಿ ದೂರ ಅಲ್ಪ. ನಿರ್ಣಾಯಕವಾದುದು ತಣ್ಣಗಿರುವ ನಳಿಗೆಯಿಂದ ಹೊರಡುವ ಮೊದಲನೆಯ ಗುಂಡು. ನಳಿಗೆ ಕಾಯುವ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಮೂತಿಯ ಕಡೆ ತುಸು ಭಾರವಿದ್ದರೆ ನಿಂತು ಹೊಡೆಯುವವನ ಕೈ ಸ್ಥಿರವಾಗುವುದು ನಿಜ; ಆದರೆ ಹಗಲೆಲ್ಲ ನಡೆದು ದಣಿದ ತೋಳಿನಲ್ಲಿ ಅದೇ ಭಾರ ಗುರಿಯನ್ನು ಕೆಡಿಸುತ್ತದೆ.

ಆದುದರಿಂದ ಭಾರವಾದ ನಳಿಗೆಯ ಪೂರ್ಣಫಲ ಗುರಿಯ ಮೈದಾನದಲ್ಲಿ ದೊರೆಯುತ್ತದೆಯೇ ಹೊರತು ಕಾಡಿನಲ್ಲಲ್ಲ ಎಂಬುದು ನಮ್ಮ ಅಭಿಪ್ರಾಯ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಆ ಬೇಟೆಯು ಇತಿಹಾಸದ ವಿಷಯವಾಗಿದೆ. ಅದನ್ನು ಅಭ್ಯಸಿಸುವ ವಿದ್ಯಾರ್ಥಿಗಳು ಕೋವಿಯ ತೂಕವನ್ನು ಗುರಿಹಲಗೆಯಿಂದ ಮಾತ್ರ ಅಳೆಯದೆ, ಅದರಲ್ಲಿ ಉರಿದ ಮದ್ದನ್ನೂ ಅದನ್ನು ಹೊತ್ತ ಹೆಗಲನ್ನೂ ಗಣನೆಗೆ ತಂದುಕೊಳ್ಳಬೇಕು.