ಪ್ಲೇಟಿನ ಮೇಲೆ ಹಾಕಿದ ದುಡ್ಡು

ನಮ್ಮ ಮೇಷ್ಟ್ರುಗಳಲ್ಲೂ ಈಗ ಷೇರಿನ ಮಾತು ಜೋರಾಗಿದೆ. ಅಚ್ಚಿನ ಮನೆಗಳಿಗೆ ಡಿಜಿಟಲ್ ಪ್ಲೇಟು ತಯಾರಿಸುವ ಕಂಪನಿಗಳಲ್ಲಿ ದುಡ್ಡು ಹಾಕಿದರೆ ಹೇಗೆ ಎಂದು ಒಬ್ಬರು ನನ್ನನ್ನು ಕೇಳಿದರು. ಪುಸ್ತಕ, ಪೇಪರು, ಮದುವೆ ಪತ್ರಿಕೆ, ಶಿವಕಾಶಿಯ ಕ್ಯಾಲೆಂಡರು ಎಲ್ಲಕ್ಕೂ ಪ್ಲೇಟು ಬೇಕೇ ಬೇಕು, ಹಾಗಾಗಿ ನಷ್ಟದ ಪ್ರಶ್ನೆಯೇ ಇಲ್ಲ ಎಂಬುದು ಅವರ ವಾದ. ನಾನು ಷೇರು ಪಂಡಿತನಲ್ಲ. ಆದರೆ ಚರಿತ್ರೆ ಪಾಠ ಮಾಡುವವನಾದ್ದರಿಂದ ಈ ಪ್ಲೇಟಿಗೆ ಹಿಂದೆ ದುಡ್ಡು ಹಾಕಿದವರು ಏನಾದರು ಎಂದು ನೋಡಬೇಕೆನಿಸಿತು. ನೋಡುತ್ತಾ ಹೋದರೆ ಅದು ನಮ್ಮ ಕನ್ನಡ ಶಾಲೆಗಳ ಕಥೆಗೇ ಬಂದು ಸೇರಿತು.

ಮೊದಲ ಪ್ಲೇಟು ಲೋಹದ್ದಲ್ಲ, ಕಲ್ಲಿನದು. ಜರ್ಮನಿಯ ಅಲೋಯಿಸ್ ಸೆನೆಫೆಲ್ಡರ್ ಎಂಬ ನಾಟಕಕಾರ ತನ್ನ ಬರಹವನ್ನು ಕಡಿಮೆ ಖರ್ಚಿನಲ್ಲಿ ತಾನೇ ಅಚ್ಚು ಹಾಕಿಕೊಳ್ಳಲು ದಾರಿ ಹುಡುಕುತ್ತಿದ್ದ. 1796ರ ಹೊತ್ತಿಗೆ ಅವನಿಗೆ ದಾರಿ ಸಿಕ್ಕಿತು. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಬರೆದು, ಕಲ್ಲನ್ನು ಒದ್ದೆ ಮಾಡಿ, ಮೇಲೆ ಶಾಯಿಯ ಉರುಳೆ ಆಡಿಸಿದರೆ ಬರೆದ ಜಾಗ ಮಾತ್ರ ಶಾಯಿ ಹಿಡಿಯುತ್ತದೆ, ಒದ್ದೆ ಜಾಗ ಹಿಡಿಯುವುದಿಲ್ಲ. ಎಣ್ಣೆ ಮತ್ತು ನೀರು ಸೇರುವುದಿಲ್ಲ ಎಂದು ಆರನೇ ಕ್ಲಾಸಿನ ಮಕ್ಕಳೂ ಹೇಳುತ್ತಾರೆ. ಇವತ್ತಿನ ಆಫ್‌ಸೆಟ್ ಪ್ಲೇಟು ಕೂಡ ಬಹುಮಟ್ಟಿಗೆ ಇದೇ ತತ್ವದ ಮೇಲೆ ಕೆಲಸ ಮಾಡುತ್ತದೆ.

ಈ ಕಲ್ಲಚ್ಚು ಕನ್ನಡಕ್ಕೆ ಬಂದದ್ದು ಮಂಗಳೂರಿನ ಬಾಸೆಲ್ ಮಿಶನ್ನಿನಿಂದ, 1841ರಲ್ಲಿ. ಕನ್ನಡದ ಸೀಸದ ಮೊಳೆಗಳು ಅದಕ್ಕೆ ಮೊದಲೇ ಇದ್ದವು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲೇ ಬಂಗಾಳದ ಸೆರಾಂಪುರದಲ್ಲಿ ಮೊಳೆಯಲ್ಲಿ ಅಚ್ಚಾಗಿತ್ತು. ಆದರೂ ಮಂಗಳೂರಿನವರು ಕಲ್ಲಿನಿಂದ ಶುರು ಮಾಡಿದ್ದು ಏಕೆ? ನಮ್ಮ ಲಿಪಿಯನ್ನು ನೋಡಿದರೆ ಅರ್ಥವಾಗುತ್ತದೆ. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರದ ದೊಡ್ಡದು, ಚಿಕ್ಕದು ಎರಡು ಬಗೆ ಇದ್ದರೆ ಬಹುಪಾಲು ಕೆಲಸ ಮುಗಿಯಿತು. ಕನ್ನಡಕ್ಕೆ ಕಾಗುಣಿತ, ಒತ್ತಕ್ಷರ ಎಲ್ಲಾ ಸೇರಿ ನೂರಾರು ಮೊಳೆ ಬೇಕು. ಅಷ್ಟನ್ನೂ ಎರಕ ಹೊಯ್ಯಿಸಲು ಮೊದಲೇ ಕೈಯಿಂದ ಬಂಡವಾಳ ಹಾಕಬೇಕು. ಕಲ್ಲಿಗಾದರೆ ಒಳ್ಳೆಯ ಕೈಬರಹದ ಒಬ್ಬ ಸಾಕು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರ 'ಮಂಗಳೂರ ಸಮಾಚಾರ' ಹೊರಬಂದದ್ದು ಈ ಕಲ್ಲಚ್ಚಿನಲ್ಲಿ. ಕನ್ನಡದ ಮೊದಲ ಪತ್ರಿಕೆ ಅದು. ಮರುವರ್ಷವೇ ಪತ್ರಿಕೆ ಬಳ್ಳಾರಿಗೆ ಹೋಯಿತು, 'ಕನ್ನಡ ಸಮಾಚಾರ' ಎಂದು ಹೆಸರಾಯಿತು, ಅಲ್ಲಿ ಮೊಳೆಯಲ್ಲಿ ಅಚ್ಚಾಯಿತು.

ಮುಂದೆ ಮಂಗಳೂರಿಗೂ ಮೊಳೆ ಅಚ್ಚು ಬಂತು. ಆ ಕೆಲಸಕ್ಕೆಂದು ಬಂದ ಜಾರ್ಜ್ ಪ್ಲೆಬ್‌ಸ್ಟ್ ಎಂಬಾತ 1865ರಲ್ಲಿ ಮಂಗಳೂರು ಹೆಂಚಿನ ಮೊದಲ ಕಾರ್ಖಾನೆ ಶುರು ಮಾಡಿದ. ದುಡ್ಡಿನ ದೃಷ್ಟಿಯಿಂದ ನೋಡಿದರೆ ಇದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಅದೇ ಮನುಷ್ಯ, ಅದೇ ಸಂಸ್ಥೆ. ವ್ಯಾಪಾರವಾಗಿ ಬೆಳೆದದ್ದು ಹೆಂಚು, ಪುಸ್ತಕವಲ್ಲ. 1894ರಲ್ಲಿ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಇದೇ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಅಚ್ಚಾಯಿತು, 1,700ಕ್ಕೂ ಹೆಚ್ಚು ಪುಟ! ಲಾಭ ನೋಡುವವರಾರೂ ಆಗ ಆ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ.

ಇರಲಿ. ಇಪ್ಪತ್ತನೇ ಶತಮಾನದಲ್ಲಿ ಕಲ್ಲಿನ ಜಾಗಕ್ಕೆ ತೆಳ್ಳನೆಯ ಅಲ್ಯೂಮಿನಿಯಂ ಹಾಳೆ ಬಂತು. ಪುಟವನ್ನು ಫಿಲಂ ಮಾಡಿ, ಆ ಫಿಲಂ ಮೂಲಕ ಬೆಳಕು ಬಿಟ್ಟು, ರಾಸಾಯನಿಕದಲ್ಲಿ ತೊಳೆದು ಪ್ಲೇಟು ತಯಾರಿಸುತ್ತಿದ್ದರು. ಮೊಳೆ ಜೋಡಿಸುವವರ ಕಾಲ ಮುಗಿಯಿತು, ಡಿಟಿಪಿಯವರ ಕಾಲ ಬಂತು. ಆಮೇಲೆ ಫಿಲಂ ಕೂಡ ಬೇಡ, ಕಂಪ್ಯೂಟರಿನಿಂದ ನೇರವಾಗಿ ಪ್ಲೇಟಿನ ಮೇಲೆ ಲೇಸರ್ ಬಿಟ್ಟು ಬರೆಯೋಣ ಎಂದರು. ಅದನ್ನೇ ಡಿಜಿಟಲ್ ಪ್ಲೇಟು ಎನ್ನುವುದು. ಹೂಡಿಕೆದಾರರು ಮೈಮರೆತದ್ದು ಇಲ್ಲೇ.

ಅಮೆರಿಕದಲ್ಲಿ ಪ್ರೆಸ್‌ಟೆಕ್ ಎಂದು ಒಂದು ಕಂಪನಿ ಇತ್ತು. 1987ರಲ್ಲಿ ಶುರುವಾದದ್ದು. ಸ್ಥಾಪಕ ರಾಬರ್ಟ್ ಹೊವಾರ್ಡ್ ಅದಕ್ಕೂ ಮುಂಚೆ ಸೆಂಟ್ರಾನಿಕ್ಸ್ ಕಂಪನಿಯಲ್ಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ತಂದವನು. ನಮ್ಮ ಹಳೆಯ ಸಂಬಳದ ಬಿಲ್ಲುಗಳನ್ನು ಕರ್ ಕರ್ ಎಂದು ಅಚ್ಚು ಹಾಕುತ್ತಿದ್ದ ಯಂತ್ರ ಆ ಜಾತಿಯದೇ. ಪ್ರೆಸ್‌ಟೆಕ್‌ನವರು ಪ್ಲೇಟನ್ನು ಅಚ್ಚಿನ ಯಂತ್ರದೊಳಗೇ ಬರೆಯುವ ವಿಧಾನ ಕಂಡುಹಿಡಿದರು, ನೀರೂ ಬೇಡ, ರಾಸಾಯನಿಕವೂ ಬೇಡ. 1991ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ಕಂಪನಿ ಇವರ ವಿಧಾನವನ್ನು ತನ್ನ ಯಂತ್ರಕ್ಕೆ ಅಳವಡಿಸಿತು. ತಂತ್ರ ನಿಜವಾಗಿ ಒಳ್ಳೆಯದು, ಅದರಲ್ಲಿ ಮೋಸವಿಲ್ಲ. ಯಂತ್ರ ಒಂದು ಸಲ ಮಾರಿದರೆ ಸಾಕು, ಪ್ಲೇಟು ದಿನಾ ಬೇಕು, ದುಡ್ಡು ದಿನಾ ಬರುತ್ತದೆ ಎಂಬ ಲೆಕ್ಕ. ನಮ್ಮವರು ಕೇಳಿದ ಪ್ರಶ್ನೆಯ ಹಿಂದೆ ಇದ್ದದ್ದೂ ಇದೇ ಲೆಕ್ಕ ತಾನೇ?

1996ರಲ್ಲಿ ಅದರ ಷೇರು ಆಕಾಶಕ್ಕೇರಿತು. ಮಾರಾಟ ಹಾಗಾಗುತ್ತದೆ, ಹೀಗಾಗುತ್ತದೆ ಎಂದು ಹೊರಗಿನವರ ವರದಿಗಳು ಬಂದವು. ಅಂಥ ವರದಿಗಳನ್ನು ಕಂಪನಿಯೇ ತಿದ್ದಿ, ಹಂಚಿ, ಹೂಡಿಕೆದಾರರನ್ನು ದಾರಿ ತಪ್ಪಿಸಿತು ಎಂದು ಅಮೆರಿಕದ ಷೇರು ನಿಯಂತ್ರಣ ಆಯೋಗ 1997ರಲ್ಲಿ ಕ್ರಮ ಕೈಗೊಂಡಿತು. ತಪ್ಪು ಒಪ್ಪಿಕೊಳ್ಳದೆ, ನಿರಾಕರಿಸದೆ ರಾಜಿ ಮಾಡಿಕೊಂಡ ಹೊವಾರ್ಡ್ 27 ಲಕ್ಷ ಡಾಲರ್ ದಂಡ ಕಟ್ಟಿದ. ಕಂಪನಿ ಅಷ್ಟಕ್ಕೆ ಮುಳುಗಲಿಲ್ಲ, ಇನ್ನೂ ಹದಿನೈದು ವರ್ಷ ನಡೆಯಿತು. ಕೊನೆಗೆ 2012ರಲ್ಲಿ ಒಂದು ಷೇರಿಗೆ ಬರೀ 50 ಸೆಂಟಿನಂತೆ ಬೇರೆಯವರಿಗೆ ಮಾರಾಟವಾಯಿತು.

ದೊಡ್ಡವರ ಕಥೆಯೂ ಸುಖವಾಗಿಲ್ಲ. ಕೊಡಾಕ್ ಕಂಪನಿ 2005ರಲ್ಲಿ ಕೆನಡಾದ ಕ್ರಿಯೋ ಎಂಬ ಡಿಜಿಟಲ್ ಪ್ಲೇಟಿನ ಕಂಪನಿಯನ್ನು ಸುಮಾರು 98 ಕೋಟಿ ಡಾಲರಿಗೆ ಕೊಂಡಿತು. 2012ರ ಜನವರಿಯಲ್ಲಿ ಕೊಡಾಕ್ ದಿವಾಳಿ ರಕ್ಷಣೆ ಕೋರಿ ಕೋರ್ಟಿಗೆ ಹೋಯಿತು. ಅದಕ್ಕೆ ಮುಖ್ಯ ಕಾರಣ ಫೋಟೋ ಫಿಲಂ ವ್ಯಾಪಾರ ಬಿದ್ದದ್ದು, ಆದರೆ ಪ್ಲೇಟಿಗೆ ಹಾಕಿದ ದುಡ್ಡು ಅದನ್ನು ಉಳಿಸಲೂ ಇಲ್ಲ. ಬೆಲ್ಜಿಯಂನ ಅಗ್ಫಾ ತನ್ನ ಆಫ್‌ಸೆಟ್ ವಿಭಾಗವನ್ನೇ 2023ರಲ್ಲಿ ಮಾರಿಬಿಟ್ಟಿತು. ನಮ್ಮ ದೇಶದಲ್ಲಿ ಈ ಕೆಲಸದಲ್ಲಿ ದೊಡ್ಡ ಹೆಸರು ಟೆಕ್‌ನೋವಾ, ಕಾರ್ಖಾನೆ ನವಿ ಮುಂಬೈ ಹತ್ತಿರದ ತಲೋಜದಲ್ಲಿ. ಅದು ಪ್ರೈವೇಟ್ ಲಿಮಿಟೆಡ್. 2020ರಲ್ಲಿ ಚೀನಾ, ಜಪಾನ್, ಕೊರಿಯಾ, ತೈವಾನ್, ವಿಯೆಟ್ನಾಂಗಳಿಂದ ಬರುವ ಡಿಜಿಟಲ್ ಪ್ಲೇಟಿನ ಮೇಲೆ ಕೇಂದ್ರ ಸರ್ಕಾರ ಸುರಿ-ವಿರೋಧಿ ಸುಂಕ ಹಾಕಿತು. ಅಂದರೆ ಅಗ್ಗದ ಮಾಲು ತಂದು ಸುರಿಯುವುದನ್ನು ತಡೆಯುವ ತೆರಿಗೆ. ಒಂದು ಕಾಲದ ಅದ್ಭುತ ಕೆಲವೇ ವರ್ಷಗಳಲ್ಲಿ ರೇಟಿನ ಮೇಲೆ ಜಗಳವಾಡುವ ಸರಕಾಯಿತು. ಎಲ್ಲರೂ ಮಾಡಲು ಕಲಿತ ಮೇಲೆ ಲಾಭ ಮಾಡುವವನ ಕೈಯಿಂದ ಕೊಳ್ಳುವವನ ಕೈಗೆ ಜಾರುತ್ತದೆ. ಟೊಮೇಟೊ ಬೆಳೆಯುವ ನಮ್ಮ ಸೂಳಗಿರಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಮ್ಮ ಲೆಕ್ಕಕ್ಕೆ ಬರೋಣ. 160 ಪುಟದ ಬಣ್ಣದ ಪುಸ್ತಕ ಎಂದಿಟ್ಟುಕೊಳ್ಳಿ. 16 ಪುಟಕ್ಕೆ ಒಂದು ಫಾರಂ, ಹತ್ತು ಫಾರಂ. ಪ್ರತಿ ಫಾರಮಿಗೆ ಎರಡು ಬದಿ, ಬದಿಗೆ ನಾಲ್ಕು ಬಣ್ಣ, ಅಂದರೆ ಎಂಟು ಪ್ಲೇಟು. ಒಟ್ಟು 80. ಲೆಕ್ಕಕ್ಕಿರಲಿ ಎಂದು ಪ್ಲೇಟಿಗೆ 250 ರೂಪಾಯಿ ಹಿಡಿದರೆ 20,000 ರೂಪಾಯಿ ಆಯಿತು. ಒಂದು ಲಕ್ಷ ಪ್ರತಿ ಹಾಕಿದರೆ ಒಂದು ಪುಸ್ತಕದ ಮೇಲೆ ಬೀಳುವುದು 20 ಪೈಸೆ. 500 ಪ್ರತಿ ಹಾಕಿದರೆ 40 ರೂಪಾಯಿ! ಕಾಗದ, ಶಾಯಿ, ಬೈಂಡಿಂಗು, ಕೂಲಿ ಇನ್ನೂ ಸೇರಿಲ್ಲ. ಎಷ್ಟು ಮಕ್ಕಳು ಓದುತ್ತಾರೆ ಎಂಬುದು ಪ್ಲೇಟಿಗೆ ಬೇಕಿಲ್ಲ.

ಪಠ್ಯಪುಸ್ತಕದ ಮಾತು ಬೇರೆ. ಅದನ್ನು ತಮಿಳುನಾಡು ಸರ್ಕಾರದ ಪಠ್ಯಪುಸ್ತಕ ನಿಗಮ ಕನ್ನಡ, ತೆಲುಗು, ಉರ್ದು ಮುಂತಾದ ಭಾಷೆಗಳಲ್ಲೂ ಅಚ್ಚು ಹಾಕುತ್ತದೆ, ಅಲ್ಲಿ ಲಾಭದ ಪ್ರಶ್ನೆ ಬರುವುದಿಲ್ಲ. ಕಷ್ಟ ಇರುವುದು ಪಠ್ಯಪುಸ್ತಕದ ಆಚೆಗೆ. ತಮಿಳು ಮಾಧ್ಯಮದ ಗೈಡು, ಅಭ್ಯಾಸ ಪುಸ್ತಕ, ಪ್ರಶ್ನೆ ಪತ್ರಿಕೆಗಳ ಕಟ್ಟು ಹೊಸೂರಿನ ಅಂಗಡಿಗಳಲ್ಲಿ ರಾಶಿ ಇರುತ್ತವೆ. ಅದೇ ಸಿಲಬಸ್ಸಿಗೆ ಕನ್ನಡದಲ್ಲಿ ಕೇಳಿದರೆ ಅಂಗಡಿಯವರು ತಲೆ ಆಡಿಸುತ್ತಾರೆ. ಬೆಂಗಳೂರಿನಿಂದ ತರೋಣವೆಂದರೆ ಅದು ಕರ್ನಾಟಕದ ಸಿಲಬಸ್ಸು, ನಮ್ಮ ಪಾಠಕ್ಕೆ ಹೊಂದುವುದಿಲ್ಲ. ಇದರಲ್ಲಿ ಭಾಷಾದ್ವೇಷ ಹುಡುಕುವವರಿದ್ದಾರೆ. ನನಗಂತೂ ಇದು ಮುಖ್ಯವಾಗಿ ಆ 80 ಪ್ಲೇಟಿನ ಲೆಕ್ಕ ಎನಿಸುತ್ತದೆ. ಯಾವ ಪ್ರಕಾಶಕನೂ ಕೈಯಿಂದ ದುಡ್ಡು ಹಾಕಿ ನಮ್ಮ ಕೆಲವು ನೂರು ಮಕ್ಕಳಿಗೆ ಪುಸ್ತಕ ತರುವುದಿಲ್ಲ. ಹೀಗಾಗಿ ನಮ್ಮ ಮಕ್ಕಳು ಬೋರ್ಡಿನ ಮೇಲಿನದನ್ನು ನೋಟುಬುಕ್ಕಿಗೆ ಇಳಿಸಿಕೊಳ್ಳುವುದರಲ್ಲೇ ಅರ್ಧ ಪಿರಿಯಡ್ ಕಳೆಯುತ್ತಾರೆ.

ಆದರೆ ಈಗ ಪ್ಲೇಟೇ ಇಲ್ಲದ ಅಚ್ಚು ಬಂದಿದೆ. ಟೋನರ್ ಅಥವಾ ಇಂಕ್‌ಜೆಟ್‌ನಿಂದ ಕಂಪ್ಯೂಟರಿನ ಪುಟ ನೇರವಾಗಿ ಕಾಗದಕ್ಕೆ ಇಳಿಯುತ್ತದೆ. ಒಂದು ಪ್ರತಿ ಹಾಕಿದರೂ, ನೂರು ಹಾಕಿದರೂ ಪ್ರತಿಯೊಂದರ ಖರ್ಚು ಹೆಚ್ಚು ಕಡಿಮೆ ಒಂದೇ. ಲಕ್ಷ ಪ್ರತಿಗೆ ಇದು ದುಬಾರಿ, ಅಲ್ಲಿ ಪ್ಲೇಟೇ ಗೆಲ್ಲುತ್ತದೆ. ಚಿಕ್ಕ ಕೆಲಸಗಳು ಮಾತ್ರ ಒಂದೊಂದಾಗಿ ಪ್ಲೇಟಿನಿಂದ ಕಳಚಿಕೊಳ್ಳುತ್ತಿವೆ. ಹಾಗಾಗಿ ನನ್ನನ್ನು ಕೇಳಿದವರಿಗೆ ನಾನು ಹೇಳಿದ್ದು ಇಷ್ಟು. ಪ್ಲೇಟಿನ ಕಂಪನಿ ನಾಳೆಯೇ ಮುಚ್ಚುವುದಿಲ್ಲ, ಪ್ಯಾಕಿಂಗ್ ಡಬ್ಬಿಗಳಿಗೂ ದೊಡ್ಡ ಪುಸ್ತಕಗಳಿಗೂ ಅದು ಬೇಕು. ಆದರೆ ಅದರ ಲಾಭ ಎಷ್ಟು ಭಾಗ ದಿನಪತ್ರಿಕೆಗಳಿಂದ ಬರುತ್ತದೆ, ಅಲ್ಯೂಮಿನಿಯಂ ಬೆಲೆ ಏರಿದರೆ ಏನಾಗುತ್ತದೆ, ಸುಂಕ ತೆಗೆದರೆ ನಿಲ್ಲುತ್ತದೆಯೇ, ಇಷ್ಟನ್ನು ತಿಳಿಯದೆ ಭವಿಷ್ಯ ನಿಧಿಯ ದುಡ್ಡು ಹಾಕಬೇಡಿ ಸಾರ್ ಎಂದೆ. ಅವರಿಗೆ ಅಷ್ಟೇನೂ ರುಚಿಸಲಿಲ್ಲ.

ಪ್ಲೇಟಿನವರಿಗೆ ನಷ್ಟವಾಗುವ ಜಾಗದಲ್ಲೇ ನಮಗೆ ದಾರಿ ಇದೆ. ನಾಲ್ಕನೇ ತರಗತಿಯ ಗಣಿತಕ್ಕೆ ನಮ್ಮ ಸಿಲಬಸ್ಸಿನ ಪ್ರಕಾರ ಕನ್ನಡದಲ್ಲಿ 48 ಪುಟದ ಅಭ್ಯಾಸ ಪುಸ್ತಕವೊಂದನ್ನು ನುಡಿಯಲ್ಲಿ ಟೈಪ್ ಮಾಡಿ ಇಟ್ಟಿದ್ದೇನೆ, ಕಪ್ಪು-ಬಿಳುಪಿನಲ್ಲಿ. ಹೊಸೂರು, ತಳಿ, ಬಾಗಲೂರು ಕಡೆಯ ಶಾಲೆಗಳ ಮೇಷ್ಟ್ರು, ಮೇಡಂಗಳು ತಮ್ಮಲ್ಲಿ ಎಷ್ಟು ಮಕ್ಕಳಿದ್ದಾರೆ ಎಂದು ತಿಳಿಸಿದರೆ ಅಷ್ಟೇ ಪ್ರತಿ ಹಾಕಿಸಬಹುದು. ಏಳು ಮಕ್ಕಳಿದ್ದರೆ ಏಳೇ ಪ್ರತಿ.