ಎತ್ತಿಗೆ ಮೇವು, ಟ್ರ್ಯಾಕ್ಟರಿಗೆ ಕಂತು

ಊರಿಂದ ಫೋನ್ ಬಂದಾಗಲೆಲ್ಲ ಈಗ ಒಂದು ಪ್ರಶ್ನೆ ಗ್ಯಾರಂಟಿ. "ಸಣ್ಣ ಟ್ರ್ಯಾಕ್ಟರ್ ತಗೊಂಡ್ರ ಹೆಂಗ? ನೀ ಇಂಜಿನಿಯರ್ ಅದೀಯಲ್ಲ, ಹೇಳಪಾ." ನಾನು ಓದಿದ್ದು ಕಂಪ್ಯೂಟರ್ ಸೈನ್ಸ್. ಆದರೆ ನಮ್ಮೂರಿನಲ್ಲಿ ಬಿಇ ಅಂದ್ರೆ ಬಿಇ, ಬೋರ್‌ವೆಲ್ ಮೋಟರ್‌ನಿಂದ ಹಿಡಿದು ಮೊಬೈಲ್ ತನಕ ಎಲ್ಲಾ ಗೊತ್ತಿರಬೇಕು. ಈ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದಾಗ ಅದು ಶೋರೂಮಿನ ಪಾಂಪ್ಲೆಟ್‌ನಲ್ಲಿ ಸಿಗಲಿಲ್ಲ. ನಮ್ಮ ಹೊಲಗಳ ಚರಿತ್ರೆಯಲ್ಲಿ ಸಿಕ್ತು.

ಮೊದಲು ಮಣ್ಣಿನಿಂದ ಶುರು ಮಾಡೋಣ. ಹುನಗುಂದದ ಕಡೆ ಹೆಚ್ಚಾಗಿ ಎರಿ ಹೊಲ. ಹಿಂಗಾರಿ ಮಳೆ ಕುಡಿದು ಹಸಿ ಹಿಡಿದಿಟ್ಟುಕೊಳ್ತದೆ, ಆ ಹಸಿಯ ಮೇಲೆಯೇ ಬಿಳಿಜೋಳ ಬರ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಕಲ್ಲಿನಂಗೆ ಆಗಿ ಬಿರುಕು ಬಿಡ್ತದೆ. ಬಾದಾಮಿ ಗುಡ್ಡದ ಸುತ್ತ ಮಸಾರಿ, ಅಲ್ಲಲ್ಲಿ ಮರಳುಗಲ್ಲು. ಅದಕ್ಕೇ ನಮ್ಮ ಹಿರಿಯರು ಒಂದೇ ಸಾಮಾನು ಇಟ್ಟುಕೊಂಡಿರಲಿಲ್ಲ. ಉಳೋದಕ್ಕೆ ರಂಟಿ, ಹರಗೋದಕ್ಕೆ ಕುಂಟಿ, ಬಿತ್ತೋದಕ್ಕೆ ಕೂರಿಗಿ, ಸಾಲಿನ ನಡುವೆ ಕಳೆ ತೆಗೆಯೋದಕ್ಕೆ ಎಡಿಕುಂಟಿ. ಹೊಲ ಅಳೆಯೋದಕ್ಕೂ ಇದೇ ಸಾಮಾನು. "ಅವರದು ಎರಡು ಕೂರಿಗಿ ಹೊಲ" ಅಂದ್ರೆ ಒಂದು ಕೂರಿಗಿ ಒಂದು ದಿನದಲ್ಲಿ ಬಿತ್ತುವಷ್ಟು ನೆಲ ಎರಡು ಪಟ್ಟು ಇದೆ ಅಂತ. ನೆಲದ ಅಳತೆ ದುಡಿಮೆಯ ಅಳತೆಯೂ ಆಗಿತ್ತು.

ಎರಿ ಹೊಲಕ್ಕೆ ಪ್ರತಿ ವರ್ಷ ರಂಟಿ ಹೊಡಿತಿರಲಿಲ್ಲ. ಕುಂಟಿ ಹೊಡೆದು ಬಿತ್ತೋದೇ ರೂಢಿ. ಕರಿಕಿ ಬೇರೂರಿದಾಗ, ಕೆಲವು ವರ್ಷಕ್ಕೊಮ್ಮೆ, ದೊಡ್ಡ ರಂಟಿ ಹೂಡ್ತಿದ್ದರು. ಅದನ್ನು ಎಳೆಯೋಕೆ ಒಂದು ಜೋಡಿ ಎತ್ತು ಸಾಲದು, ಹಲವು ಜೋಡಿ ಬೇಕು. ಅಷ್ಟು ಎತ್ತು ಒಬ್ಬನ ಮನೆಯಲ್ಲಿ ಎಲ್ಲಿ ಇರ್ತಾವ? ಮುಯ್ಯಿ ಕಟ್ಟಿ, ಅಕ್ಕಪಕ್ಕದವರ ಎತ್ತು ಕೂಡಿಸಿ ಹೊಡಿತಿದ್ದರು. ಅಂದರೆ ದಿನದ ಕೆಲಸಕ್ಕೆ ಸ್ವಂತ ಎತ್ತು, ಭಾರಿ ಕೆಲಸಕ್ಕೆ ಊರಿನ ಎತ್ತು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತದೆ.

ನಮ್ಮ ಸೀಮೆಯಲ್ಲಿ ಮೊದಲ ಬದಲಾವಣೆ ಆದದ್ದು ಇಂಜಿನ್ನಿನಿಂದಲ್ಲ, ರಂಟಿಯಿಂದ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು. 1903ರಲ್ಲಿ ಕಬ್ಬಿಣದ ನೇಗಿಲು ತಯಾರಿಸಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರ್ತದೆ ಅಂತ ರೈತರು ಅದನ್ನು ಮುಟ್ಟಲಿಲ್ಲ ಅನ್ನೋ ಕತೆ ಪ್ರಸಿದ್ಧ. 1910ರಲ್ಲಿ ಔಂಧ್ ಸಂಸ್ಥಾನದ ಆಶ್ರಯದಲ್ಲಿ ಕಿರ್ಲೋಸ್ಕರವಾಡಿ ಶುರುವಾಯ್ತು. ನಿಧಾನಕ್ಕೆ ಕಬ್ಬಿಣದ ರಂಟಿ ನಮ್ಮ ಊರುಗಳ ಹೊಲಕ್ಕೂ ಬಂತು.

ಇನ್ನೊಂದು ಕಡೆ ಬರ. 1876-78ರ ಬರಗಾಲದಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಕಲಾದಗಿ ಒಂದು. ಈಗ ಕಲಾದಗಿ ಬಾಗಲಕೋಟೆ ತಾಲೂಕಿನ ಒಂದು ಊರು. ಆಗ ಜಿಲ್ಲಾ ಕೇಂದ್ರ. 1872 ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆಯೇ ಕುಸಿಯಿತು. ಬರದಲ್ಲಿ ಮೇವಿಲ್ಲದೆ ದನ ಸಾಯ್ತಾವ. ಮುಂದಿನ ವರ್ಷ ಮಳೆ ಬಂದರೂ ಉಳೋಕೆ ಎತ್ತಿಲ್ಲ. ಒಂದು ವರ್ಷದ ಬರ ಎರಡು ವರ್ಷದ ಬರ ಆಗೋದು ಹೀಗೆ. 1933ರಲ್ಲಿ ವಿಜಾಪುರದಲ್ಲಿ ಒಣಬೇಸಾಯ ಸಂಶೋಧನಾ ಕೇಂದ್ರ ಶುರುವಾಯ್ತು. ಬಾದಾಮಿ, ಹುನಗುಂದ ಆಗ ಅದೇ ಜಿಲ್ಲೆಯವು. ಆ ಕಾಲದಲ್ಲಿ ರೂಪುಗೊಂಡ 'ಮುಂಬಯಿ ಒಣಬೇಸಾಯ ಪದ್ಧತಿ'ಯ ಸಲಹೆ ಸರಳ: ಒಡ್ಡು ಹಾಕಿ, ಮೂರು ವರ್ಷಕ್ಕೊಮ್ಮೆ ಆಳವಾಗಿ ಉಳಿ, ಗೊಬ್ಬರ ಹಾಕಿ, ಸಾಲು ಅಗಲ ಬಿಡಿ, ಮತ್ತೆ ಮತ್ತೆ ಎಡಿ ಹೊಡಿರಿ. ಗಮನಿಸಿ, ಆಳದ ಉಳುಮೆ ಮೂರು ವರ್ಷಕ್ಕೊಮ್ಮೆ. ಉಳಿದದ್ದೆಲ್ಲ ಹಗುರ ಕೆಲಸ.

ಈಗ ಟ್ರ್ಯಾಕ್ಟರ್. ಹಳೇ ಟ್ರ್ಯಾಕ್ಟರ್‌ಗಳು ನೇಗಿಲನ್ನು ಹಿಂದೆ ಕಟ್ಟಿ ಎತ್ತಿನಂತೆ ಎಳೀತಿದ್ದವು. ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ ಮೂರು ಕೊಂಡಿಯ ಜೋಡಣೆ ಮತ್ತು ಹೈಡ್ರಾಲಿಕ್ ಎರಡನ್ನೂ ಸೇರಿಸಿದ. ನೆಲ ನೇಗಿಲನ್ನು ತಡೆದಾಗ ಆ ಬಲವೇ ಹಿಂದಿನ ಗಾಲಿಗಳನ್ನು ಮಣ್ಣಿಗೆ ಒತ್ತುವಂತೆ ಮಾಡಿದ. 1939ರ ಫೋರ್ಡ್-ಫರ್ಗ್ಯುಸನ್ ಟ್ರ್ಯಾಕ್ಟರ್ ಇದನ್ನು ಜಗತ್ತಿಗೆಲ್ಲ ತಲುಪಿಸಿತು. ಹಗುರ ಟ್ರ್ಯಾಕ್ಟರ್ ಕೂಡ ಉಳಬಲ್ಲದು ಅನ್ನೋದು ಅಲ್ಲಿಂದ. ನಮ್ಮ ಐಟಿ ಭಾಷೆಯಲ್ಲಿ ಇದು ಯುಎಸ್‌ಬಿ ಪೋರ್ಟ್ ಇದ್ದಂಗೆ, ಯಾವ ಕಂಪನಿಯ ಸಾಮಾನಾದರೂ ಅಳತೆ ಹೊಂದಿದರೆ ಕೂಡ್ತದೆ.

ಭಾರತದಲ್ಲಿ 1959ರಲ್ಲಿ ಫರೀದಾಬಾದಿನಿಂದ ಐಷರ್ ಬಂತು. 1970ರ ದಶಕದಲ್ಲಿ ಜೆಕ್ ದೇಶದ ಜೆಟರ್ ತಂತ್ರಜ್ಞಾನದ 25 ಎಚ್‌ಪಿ ಎಚ್‌ಎಂಟಿ ಬಂತು. ಅಂದರೆ ಆಗಿನ 'ದೊಡ್ಡ' ಟ್ರ್ಯಾಕ್ಟರ್‌ಗಳಲ್ಲಿ ಕೆಲವು ಈಗಿನ ಸಣ್ಣ ಟ್ರ್ಯಾಕ್ಟರಿನಷ್ಟೇ. ಆಮೇಲೆ ಎಚ್‌ಪಿ ಏರುತ್ತಾ ಹೋಯ್ತು, ಹೊಲ ಮಾತ್ರ ಸಣ್ಣದಾಗ್ತಾ ಹೋಯ್ತು. 2015-16ರ ಕೃಷಿ ಗಣತಿ ಪ್ರಕಾರ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಅಂದರೆ ಮೂರು ಎಕರೆ ಚಿಲ್ಲರೆ. ಎತ್ತು ಸಾಕೋಕೂ ಜನ ಇಲ್ಲ. ಹುಡುಗರು ಗೋವಾ, ಮಂಗಳೂರಿನ ಕಟ್ಟಡ ಕೆಲಸಕ್ಕೋ, ಇಳಕಲ್ಲಿನ ಗ್ರಾನೈಟ್ ಕ್ವಾರಿಗೋ ಹೋಗ್ತಾರೆ. ನನ್ನಂಥವರು ಬೆಂಗಳೂರಿಗೆ. ಮೇವು ಹಾಕೋರು ಯಾರು?

ಈ ಜಾಗಕ್ಕೆ ಬಂದದ್ದು ಸಣ್ಣ ಡೀಸೆಲ್ ಟ್ರ್ಯಾಕ್ಟರ್. 1967ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವಿಎಸ್‌ಟಿ ಕಂಪನಿ ಜಪಾನಿನ ಮಿತ್ಸುಬಿಷಿ ಜೊತೆ ಸೇರಿ ಪವರ್ ಟಿಲ್ಲರ್, ನಂತರ 18.5 ಎಚ್‌ಪಿ ಟ್ರ್ಯಾಕ್ಟರ್ ಮಾಡಿತು. ಮಹೀಂದ್ರಾದ ಯುವರಾಜ್, ಕುಬೋಟಾದ ಸಣ್ಣ ಮಾಡೆಲ್‌ಗಳೂ ಈಗ ಇವೆ. ಹದಿನೈದು-ಹದಿನೆಂಟು ಎಚ್‌ಪಿ ಗಾಡಿಗಳ ತೂಕ ಹೆಚ್ಚುಕಮ್ಮಿ 800 ಕಿಲೊ ಒಳಗೆ. 50 ಎಚ್‌ಪಿಯದು ಎರಡು ಟನ್ ಆಸುಪಾಸು. ಹಸಿ ಎರಿ ಹೊಲದಲ್ಲಿ ಈ ವ್ಯತ್ಯಾಸ ಬಹಳ ದೊಡ್ಡದು. ಭಾರ ಬಿದ್ದಷ್ಟೂ ಮಣ್ಣು ಒತ್ತಿ ಗಟ್ಟಿಯಾಗ್ತದೆ, ಬೇರು ಇಳಿಯಲ್ಲ, ನೀರು ಇಂಗಲ್ಲ.

ಹಂಗಾದ್ರೆ ಸಣ್ಣ ಟ್ರ್ಯಾಕ್ಟರ್ ತಗೊಳ್ಳಬೇಕಾ? ಹಿಂದೆ ಹೇಳಿದ ಮಾತು ಇಲ್ಲಿ ಬೇಕು. ಸಣ್ಣ ಟ್ರ್ಯಾಕ್ಟರ್ ಅಂದ್ರೆ ಮನೆಯ ಒಂದು ಜೋಡಿ ಎತ್ತು. ಊರಿನ ಎತ್ತೆಲ್ಲ ಕೂಡಿ ಎಳೆಯುತ್ತಿದ್ದ ದೊಡ್ಡ ರಂಟಿ ಅದರ ಕೈಲಾಗಲ್ಲ. ಬೇಸಿಗೆಯ ಎರಿಯಲ್ಲಿ ಪಲ್ಟಿ ನೇಗಿಲು ಕಟ್ಟಿದರೆ ಗಾಲಿ ಜಾರ್ತದೆ, ಕ್ಲಚ್ ಸವೀತದೆ. ಮೂರು ವರ್ಷಕ್ಕೊಮ್ಮೆಯ ಆ ಕೆಲಸಕ್ಕೆ ದೊಡ್ಡ ಗಾಡಿ ಬಾಡಿಗೆಗೆ ಕರೀರಿ. ಸಣ್ಣದಕ್ಕೆ ಕುಂಟಿ, ಕೂರಿಗಿ, ಎಡಿಕುಂಟಿ ಅದರ ಅಳತೆಗೆ ಮಾಡಿಸಿ. ಗಾಲಿಯ ಅಗಲ ನಿಮ್ಮ ಸಾಲಿನ ಅಗಲಕ್ಕೆ ಹೊಂದುತ್ತಾ ಅಂತ ಟೇಪ್ ಹಿಡಿದು ನೋಡಿ, ಆಮೇಲೆ ಅಡ್ವಾನ್ಸ್ ಕೊಡಿ. ದಾಳಿಂಬೆ, ದ್ರಾಕ್ಷಿ ತೋಟ ಇದ್ದರೆ ಮೂರಡಿ ಆಸುಪಾಸಿನ ರೋಟವೇಟರ್, ಪಿಟಿಓದಿಂದ ನಡೆಯುವ ಔಷಧಿ ಪಂಪು. ಇಲ್ಲಿ ಸಣ್ಣ ಗಾಡಿಯೇ ರಾಜ. ಕಲ್ಲಿರುವ ಮಸಾರಿಯಲ್ಲಿ ರೋಟವೇಟರ್ ಬ್ಲೇಡು ಬೇಗ ಸವೀತಾವ, ಕಲ್ಟಿವೇಟರ್ ಒಳ್ಳೇದು.

ಕೊನೆಗೆ ದುಡ್ಡು. ಕೃಷಿ ಇಂಜಿನಿಯರಿಂಗ್ ಲೆಕ್ಕದಲ್ಲಿ ಟ್ರ್ಯಾಕ್ಟರ್ ವರ್ಷಕ್ಕೆ 1000 ಗಂಟೆ, 10 ವರ್ಷ ದುಡೀತದೆ ಅಂತ ಹಿಡೀತಾರೆ. ನಾಲ್ಕು ಎಕರೆಯವನು ಹರಗೋದು, ಬಿತ್ತೋದು, ಎಡಿ ಹೊಡೆಯೋದು, ಗೊಬ್ಬರ ಸಾಗಿಸೋದು ಎಲ್ಲಾ ಸೇರಿಸಿ ಎಕರೆಗೆ 15 ಗಂಟೆ ಅಂತ ಧಾರಾಳವಾಗಿ ಹಿಡಿದರೂ ವರ್ಷಕ್ಕೆ 60 ಗಂಟೆ. ಉಳಿದ 940 ಗಂಟೆ ಗಾಡಿ ಶೆಡ್‌ನಲ್ಲಿ ನಿಂತಿರ್ತದೆ, ಕಂತು ಮಾತ್ರ ಓಡ್ತಿರ್ತದೆ. ಎತ್ತು ಬರಗಾಲದಲ್ಲಿ ಮೇವು ಕೇಳ್ತಿತ್ತು. ಟ್ರ್ಯಾಕ್ಟರ್ ಮೇವು ಕೇಳಲ್ಲ, ಕಂತು ಕೇಳ್ತದೆ. ಎರಡೂ ಕೇಳೋದು ಮಳೆ ಇಲ್ಲದ ವರ್ಷವೇ. 1980ರಲ್ಲಿ ನರಗುಂದ-ನವಲಗುಂದದಲ್ಲಿ ರೈತರು ಬೀದಿಗಿಳಿದು ಗೋಲಿಬಾರ್ ಆದ ಮೇಲೆ ಬೆಳೆದ ರೈತ ಸಂಘ, ಸಾಲಕ್ಕಾಗಿ ಜಪ್ತಿಯಾದ ಸಾಮಾನನ್ನು ವಾಪಸ್ ತರುವ ಮರುಜಪ್ತಿ ಚಳವಳಿ ಮಾಡಿತ್ತು. ಅಂಥ ಚಳವಳಿ ಯಾಕೆ ಹುಟ್ಟಿತು ಅನ್ನೋದನ್ನ ಸಾಲದ ಪೇಪರ್‌ಗೆ ಸಹಿ ಹಾಕೋ ಮುಂಚೆ ಒಮ್ಮೆ ಯೋಚಿಸಬೇಕು.

ದಾರಿ ಇಲ್ಲ ಅಂತಲ್ಲ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು, ಒಬ್ಬನಿಂದಾಗದ್ದು ಕೂಡಿದರೆ ಆಗ್ತದೆ ಅಂತಲೇ. 2014-15ರಲ್ಲಿ ಬಂದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳ ವಿಚಾರವೂ ಅದೇ. ಮೂರು-ನಾಲ್ಕು ಅಣ್ಣತಮ್ಮಂದಿರು ಕೂಡಿ ಹದಿನೈದು-ಇಪ್ಪತ್ತು ಎಕರೆಗೆ ಒಂದು ಸಣ್ಣ ಗಾಡಿ, ಜೊತೆಗೆ ತೋಟದವರಿಗೆ ಔಷಧಿ ಹೊಡೆಯೋ ಬಾಡಿಗೆ ಕೆಲಸ ಇದ್ದರೆ ಲೆಕ್ಕ ಕೂಡೋ ಸಾಧ್ಯತೆ ಇದೆ. ಒಬ್ಬನೇ ತಗೊಳ್ಳೋದಾದ್ರೆ ಮೊದಲು ಒಂದು ವರ್ಷ ಬಾಡಿಗೆ ಗಾಡಿಯಲ್ಲೇ ಮಾಡಿಸಿ, ಪ್ರತಿ ಗಂಟೆಯನ್ನೂ ಡೈರಿಯಲ್ಲಿ ಬರೆದಿಡಿ. ಆ ಗಂಟೆಗಳೇ ನಿಮ್ಮ ಹೊಲದ ಈಗಿನ ಕೂರಿಗಿ ಲೆಕ್ಕ. ಅದನ್ನು ನೋಡಿ, ಮಳೆ ಕೈಕೊಟ್ಟ ವರ್ಷ ಕಂತು ಎಲ್ಲಿಂದ ತರ್ತೀರಿ ಅಂತ ಪಕ್ಕದಲ್ಲಿ ಬರೆದು, ಆಮೇಲೆ ಶೋರೂಮಿಗೆ ಹೋಗಿ.